ಜೂನ್ ಒಂದರ ಹಸಿರು ಬಳೆ

ಜೂನ್ ಒಂದು ಬಂತೆಂದರೆ ಕೊಂಕಲ್‌ನ ಆ ಓಣಿಯಲ್ಲಿ ಮುಕ್ಕಾಲು ಮಂದಿಗೆ ಹುಟ್ಟಿದ ದಿನ. ಕುರಿ ಸಾಕುವ ಸಾಬಣ್ಣನಿಗೂ ಅಂದೇ, ಅವನ ಮಕ್ಕಳು ಭೀಮು, ಸರೋಜಾಗೂ ಅಂದೇ, ಪಕ್ಕದ ಮನೆಯ ಬಳೆಗಾರ್ತಿ ಗೌಹರಬೇಗಂಗೂ ಅಂದೇ. ಶಾಲೆಗೆ ಹೆಸರು ಹಚ್ಚುವಾಗ ತಾರೀಖು ಹೇಳಲು ಬಾರದವರಿಗೆಲ್ಲ ಮಾಸ್ತರರು ಅದೊಂದೇ ದಿನ ಬರೆದುಕೊಂಡಿದ್ದರು. ಈಗ ಬ್ಯಾಂಕಿನವರು ವರ್ಷಕ್ಕೊಮ್ಮೆ ಇಡೀ ಓಣಿಗೆ ಶುಭಾಶಯ ಕಳಿಸುತ್ತಾರೆ.

"ಅಮ್ಮಿ, ನಿನಗ ಹುಟ್ಟುಹಬ್ಬದ ಮೆಸೇಜ್ ಬಂದೈತಿ. ಕೇಕ್ ಎಲ್ಲಿ?" ಎಂದು ಮಗಳು ಗುಲ್ನಾಜ್ ಫೋನು ಹಿಡಿದು ನಕ್ಕಳು.

"ಕಳಿಸಿದವರನ್ನ ಕೇಳು" ಎಂದಳು ಗೌಹರಬೇಗಂ. ಪ್ರತಿ ವರ್ಷದ ಹಾಗೆ ನಗು ಬರಲಿಲ್ಲ. ಬುಟ್ಟಿಯಲ್ಲಿ ಹಸಿರು ಚಿಕ್ಕಿ ಬಳೆಗಳನ್ನು ಹುಲ್ಲಿನ ನಡುವೆ ಜೋಡಿಸುತ್ತ, ತೆಗೆಯುತ್ತ, ಮತ್ತೆ ಜೋಡಿಸುತ್ತ ಕೂತಿದ್ದಳು. ನಾಳೆ ಸರೋಜಾಳ ಮದುವೆ. ಇಂದು ಮದುಮಗಳಿಗೆ ಬಳೆ ತೊಡಿಸಬೇಕು.

ಸರೋಜಾ, ಗುಲ್ನಾಜ್ ಇಬ್ಬರೂ ಒಂದೇ ಚಳಿಗಾಲದಲ್ಲಿ ವಾರದ ಅಂತರದಲ್ಲಿ ಹುಟ್ಟಿದವರು. ಸರೋಜಾಳ ತಾಯಿ ರೇಣಮ್ಮ ಹತ್ತಿ ಬಿಡಿಸಲು ಹೋಗಬೇಕಾಗಿದ್ದರಿಂದ ನಾಲ್ಕು ವರ್ಷದ ಕೂಸನ್ನು ಅಣ್ಣನ ಬೆನ್ನಿಗೆ ಶಾಲೆಗೆ ಅಟ್ಟಿದ್ದಳು. ವಯಸ್ಸೆಷ್ಟು ಎಂದು ಮಾಸ್ತರರು ಕೇಳಿದಾಗ ಆರು ಎಂದಿದ್ದಳು. ಗುಲ್ನಾಜ್ ಶಾಲೆಗೆ ಸೇರಿದ್ದು ಆರು ತುಂಬಿದ ಮೇಲೆ. ಹಾಗಾಗಿ ಒಂದೇ ಅಂಗಳದಲ್ಲಿ ಅಂಬೆಗಾಲಿಟ್ಟ ಇಬ್ಬರಲ್ಲಿ ಒಬ್ಬಳಿಗೆ ಕಾಗದದ ಮೇಲೆ ಈಗ ಹದಿನಾರು, ಇನ್ನೊಬ್ಬಳಿಗೆ ಇಂದಿಗೆ ಸರಿಯಾಗಿ ಹದಿನೆಂಟು.

ತನಗೇಕೆ ಈ ಉಸಾಬರಿ ಎಂದು ಗೌಹರಬೇಗಂ ನೂರು ಸಲ ಅಂದುಕೊಂಡಿದ್ದಳು. ಬೇರೆ ಜಾತಿಯವರ ಮನೆಯ ಮದುವೆ. ಒಂದು ಮಾತು ಹೆಚ್ಚುಕಮ್ಮಿಯಾದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೋ. ಆದರೆ ಅದೇ ಬುಟ್ಟಿ ನೋಡಿದಾಗೆಲ್ಲ ಮೋನಮ್ಮ ನೆನಪಾಗುತ್ತಿದ್ದಳು. ಕೆಳಗಿನ ಓಣಿಯ ಆ ಹದಿನಾರರ ಹುಡುಗಿಗೂ ಮದುವೆಯ ಬಳೆ ತೊಡಿಸಿದ್ದು ಇವಳೇ. ಮರುವರ್ಷ ಬಸಿರಾದಾಗ ಕುಬಸದ ಬಳೆಗೂ ಇವಳೇ. ಮೂರನೆಯ ಸಲ ಕರೆ ಬಂದಾಗ ಮೋನಮ್ಮನನ್ನು ಹೆರಿಗೆ ಆಸ್ಪತ್ರೆಯಿಂದ ಬಿಳಿ ಬಟ್ಟೆಯಲ್ಲಿ ತಂದಿದ್ದರು. ಮುತ್ತೈದೆ ಸಾವು, ಕೈ ತುಂಬ ಹಸಿರು ಬಳೆ ಇರಬೇಕು ಎಂದರು. ತಣ್ಣಗಾದ ಬೆರಳು ಮಡಿಚಿ ಬಳೆ ಏರಿಸಿದ್ದು ಗೌಹರಬೇಗಂಳ ಕೈ ಇನ್ನೂ ಮರೆತಿರಲಿಲ್ಲ.

ಸಾಬಣ್ಣನ ಅಂಗಳದಲ್ಲಿ ಚಪ್ಪರ ಹಾಕಿದ್ದರು. ಗಂಡಿನ ಸೋದರಮಾವ ಲಕ್ಷ್ಮಿಕಾಂತ ಕಕ್ಕೇರಾದಿಂದ ಸೀರೆ ತಂದಿದ್ದ. ಕೈಯಲ್ಲಿ ಸರೋಜಾಳ ಶಾಲೆಯ ದಾಖಲೆಯ ನಕಲು.

"ಇದೊಂದು ಕಿಸೇದಾಗ ಇರಲಿ ಮಾವ" ಎಂದ ಸಾಬಣ್ಣನಿಗೆ. "ಹೋದ ತಿಂಗಳ ಸುರಪುರದ ಕಡೆ ಆಫೀಸಿನವರು ಬಂದು ಹಂದರದಾಗಿನ ಮದವಿ ನಿಲ್ಲಿಸ್ಯಾರ. ನಮಗೇನು ಅಂಜಿಕಿ? ಇವತ್ತಿಗೆ ಹದಿನೆಂಟು ತುಂಬೇದ."

"ತುಂಬೇದ, ತುಂಬೇದ" ಎಂದ ಸಾಬಣ್ಣ.

ಅರಿಶಿಣ ಹಚ್ಚಿದ ಕೆನ್ನೆ ತಗ್ಗಿಸಿ ಸರೋಜಾ ಮಣೆಯ ಮೇಲೆ ಕೂತಿದ್ದಳು. ಪಿಯುಸಿ ಪಾಸಾಗಿದ್ದಳು. ಭೀಮರಾಯನಗುಡಿಯ ಕೃಷಿ ಕಾಲೇಜು ಸೇರುತ್ತೇನೆಂದು ಓಣಿ ತುಂಬ ಹೇಳಿಕೊಂಡು ತಿರುಗಿದವಳು ಈಗ ಬಾಯಿ ಬಿಡುತ್ತಿರಲಿಲ್ಲ. ಗೌಹರಬೇಗಂ ಅವಳ ಎದುರು ಕೂತು, ಕೈ ಹಿಡಿದು, ಬೆರಳು ಮಡಿಚಿ ಅಳತೆ ನೋಡಿದಳು. ಗುಲ್ನಾಜ್‌ಳದೇ ಅಳತೆ. ಬಳೆ ಎತ್ತಿದ ಕೈ ಅಲ್ಲೇ ನಿಂತಿತು.

"ಏನಾತು ಗೌಹರಕ್ಕ? ಸಣ್ಣವಾದವೇನು?" ಎಂದಳು ರೇಣಮ್ಮ.

"ಬಳಿ ಸರಿ ಅದಾವ." ಗೌಹರಬೇಗಂ ರೇಣಮ್ಮನತ್ತ ತಿರುಗಿದಳು. "ರೇಣವ್ವ, ನನ್ನ ಗುಲ್ನಾಜ್‌ಗ ಹದಿನಾರು. ಸರೋಜಾಗ ಎಷ್ಟು? ನೀ ಒಮ್ಮೆ ಬಾಯಿಬಿಟ್ಟು ಹದಿನೆಂಟು ಅನ್ನು. ಅಂದಿ ಅಂದ್ರ ಇಡತೀನಿ."

ಒಳಗೆ ಅಕ್ಕಿ ಆರಿಸುತ್ತಿದ್ದ ಹೆಂಗಸರು ಬಾಗಿಲಿಗೆ ಬಂದರು. ರೇಣಮ್ಮ ಸೆರಗಿನ ತುದಿ ಹಿಡಿದುಕೊಂಡಳು.

"ಬಳಿ ಇಡಾಕ ಬಂದಾಕಿ ಬಳಿ ಇಟ್ಟು ಹೋಗು" ಎಂದ ಲಕ್ಷ್ಮಿಕಾಂತ. "ನಮ್ಮ ಮಂದ್ಯಾಗ ನಿನ್ನ ಪಂಚಾಯ್ತಿ ಯಾಕ? ಸರಕಾರದ ಕಾಗದ ಐತಿ. ನಿನ್ನ ಮಾತು ದೊಡ್ಡದೋ ಅದು ದೊಡ್ಡದೋ?"

"ನನ್ನ ಕಾಗದದಾಗೂ ಇವತ್ತ ಹುಟ್ಟುಹಬ್ಬ ಐತ್ರಿ. ನಾ ಹುಟ್ಟಿದ್ದು ಸುಗ್ಗಿ ದಿನದಾಗ ಅಂತ ನಮ್ಮವ್ವ ಹೇಳತಿದ್ಳು."

ಯಾರೋ ಹೆಂಗಸು ಕಿಸಕ್ಕೆಂದಳು. ಸಾಬಣ್ಣ ನಗಲಿಲ್ಲ.

"ಗೌಹರಕ್ಕ, ಒಳ್ಳೆ ಮನಿತನ ಅದು. ಹುಡುಗ ಕುಡಿಯಾವಲ್ಲ, ತಿನ್ನಾವಲ್ಲ. ಊರೂರು ಕುರಿ ಹೊಡಕೊಂಡು ತಿರಗಾವ ನಾ, ಮಗಳನ್ನ ಯಾರ ನೆದರಿಗೆ ಬಿಟ್ಟು ಹೋಗಲಿ? ನಾನೇನು ಬಾವಿಗೆ ನೂಕಾಕತ್ತೇನೇನು? ನಿನ್ನ ಮದವಿ ಆದಾಗ ನಿನಗೆಷ್ಟಿತ್ತು?"

"ಹದಿನಾಲ್ಕು, ಸಾಬಣ್ಣ. ಅದಕ್ಕ ಹೇಳಾಕತ್ತೇನಿ."

"ಮತ್ತ ಕಾಗದ ಸುಳ್ಳು ಅಂದ್ರ" ಎಂದು ಲಕ್ಷ್ಮಿಕಾಂತ ದನಿ ತಗ್ಗಿಸಿದ, "ಈ ಹುಡುಗಿ ಕಲಿತಿದ್ದೆಲ್ಲ ಸುಳ್ಳಾಗತೈತಿ. ಕಾಲೇಜನವರು ಹೊರಗ ಹಾಕತಾರ. ಅದರ ಪಾಪ ನೀ ಹೊರತಿ?"

ಹಾಗಾಗಬಹುದೆ? ಆದರೂ ಆಗಬಹುದು. ಹಿಡಿದ ಕೈ ಬಿಟ್ಟು ಎದ್ದುಬಿಡಲೇ ಎಂದು ಗೌಹರಬೇಗಂಗೆ ಎನಿಸಿತು. ಆ ಕೈ ಬೆಚ್ಚಗಿತ್ತು, ಇವಳ ಬೆರಳನ್ನು ಗಟ್ಟಿಯಾಗಿ ಹಿಡಿದಿತ್ತು.

"ಆದ್ರ ಆಗಲಿ" ಎಂದಳು ಸರೋಜಾ, ತಲೆ ಎತ್ತದೆ. "ಮತ್ತ ಒಂದನೇ ಇಯತ್ತೆಗೆ ಹೋಗಿ ಕೂಡತೀನಿ."

ಲಕ್ಷ್ಮಿಕಾಂತ ಸಾಬಣ್ಣನತ್ತ ನೋಡಿದ. ಸಾಬಣ್ಣ ಮಗಳನ್ನು ಗದರಲು ಬಾಯಿ ತೆರೆದ. ಅಷ್ಟರಲ್ಲಿ ಗೌಹರಬೇಗಂ ಮೆಲ್ಲಗೆ ಅಂದಳು:

"ಈಕಿ ಹುಟ್ಟಿದ್ದು ಮೊಹರಂದಾಗ, ಸಾಬಣ್ಣ. ನೀ ಹೆಣ್ಣ ಕೂಸು ಬೇಕಂತ ಹರಕಿ ಹೊತ್ತು ಹುಲಿ ವೇಷ ಹಾಕಿದ್ದಿ. ಅಲಾಯಿ ಕುಣಿದು ಬಂದಾವ ಬಣ್ಣ ಸೈತ ತೊಳಕೊಳ್ಳದ ಕೂಸಿನ್ನ ಎತ್ತಿಕೊಂಡಿ. ನಿನ್ನ ಮೈ ಮ್ಯಾಲಿನ ಹಳದಿ ಎಲ್ಲಾ ಕೂಸಿನ ಗಲ್ಲಕ್ಕ ಹತ್ತಿತ್ತು. ರೇಣವ್ವ ಬೈದಳು, ನೀ ನಕ್ಕಿ. ಹೊರಗ ಹಲ್ಲು ಕಟಕಟ ಅನ್ನೂವಂಥ ಚಳಿ. ಆಗ ಜೂನ್ ಎಲ್ಲಿತ್ತು?"

ಸಾಬಣ್ಣ ತನ್ನ ಅಂಗೈ ನೋಡಿಕೊಂಡ. ಹಟ್ಟಿಯಲ್ಲಿ ಮರಿಯೊಂದು ಒದರಿ ಸುಮ್ಮನಾಯಿತು.

"ಮಾವ, ಕೊಟ್ಟ ಮಾತು" ಎಂದ ಲಕ್ಷ್ಮಿಕಾಂತ.

ರೇಣಮ್ಮ ಬಂದು ಗೌಹರಬೇಗಂಳ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅವಳ ಕೈಯಲ್ಲಿದ್ದ ಹಸಿರು ಬಳೆಗಳನ್ನು ತೆಗೆದುಕೊಂಡಳು. ಒಂದರ ಮೇಲೊಂದು ಜೋಡಿಸಿ, ಸುತಳಿ ಕಟ್ಟಿ, ಬುಟ್ಟಿಯ ಹುಲ್ಲಿನೊಳಗೆ ತಿರುಗಿ ಇಟ್ಟಳು.

"ನಾಲ್ಕಕ್ಕ ಆರು ಅಂದಿದ್ದೆ" ಎಂದಳು ಗಂಡನಿಗೆ. "ಹದಿನಾರಕ್ಕ ಹದಿನೆಂಟು ಅನ್ನಾಕ ನನಗ ಆಗೂದಿಲ್ಲ."

ಲಕ್ಷ್ಮಿಕಾಂತ ಸೀರೆಯ ಗಂಟು ಎತ್ತಿಕೊಂಡ. "ಊರ ಮುಂದ ನಮ್ಮ ಮುಖ ಏನಾಗಬೇಕು ವಿಚಾರ ಮಾಡು ಮಾವ. ನಾವೇನು ಇನ್ನೆರಡು ವರ್ಷ ಕಾಯಾಂಗಿಲ್ಲ."

"ಕಾಯಬ್ಯಾಡ್ರಿ" ಎಂದ ಸಾಬಣ್ಣ. "ತಪ್ಪು ನನ್ನದು. ನಾಳೆ ಕಕ್ಕೇರಾಕ್ಕ ನಾನೇ ಬಂದು ಹಿರ್ಯಾರ ಮುಂದ ಹೇಳತೀನಿ."

ಬೈಕು ಸದ್ದು ಮಾಡಿ ಹೋಯಿತು. ಇನ್ನು ಯಾರು ಯಾರು ಏನೇನು ಅನ್ನುತ್ತಾರೋ ಎಂಬ ಚಿಂತೆ ಗೌಹರಬೇಗಂಳನ್ನು ಬಿಡಲಿಲ್ಲ. ಬುಟ್ಟಿ ತಲೆಗೇರಿಸಿಕೊಂಡು ಬಾಗಿಲವರೆಗೆ ಬಂದವಳು ಒಮ್ಮೆ ತಿರುಗಿ ನೋಡಿದಳು.

ಸಾಬಣ್ಣ ಮಣೆಯ ಮುಂದೆ ಮೊಣಕಾಲೂರಿದ್ದ. ಹೆಗಲ ಮೇಲಿನ ವಸ್ತ್ರದ ತುದಿಯನ್ನು ತಂಬಿಗೆಯ ನೀರಲ್ಲಿ ಅದ್ದಿ, ಮಗಳ ಗಲ್ಲದ ಅರಿಶಿಣವನ್ನು ಒರೆಸುತ್ತಿದ್ದ.