ಹಿಂದಿನ ಗಾಲಿಯ ಗತ್ತು, ಎಫ್‌ಸಿಯ ಕುತ್ತು

ಸಮಸ್ತ ಸಾರ್ವಜನಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕಳೆದ ಶುಕ್ರವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ನನ್ನ ಬಲಗಡೆಯ ವೈಪರ್ ಅಲುಗಾಡಿತು. ಆರು ವರ್ಷಗಳ ಮೌನವ್ರತ ಮುರಿದು, ಗಾಜಿನ ಮೇಲೊಂದು ಅರ್ಧಚಂದ್ರ ಬರೆದು, ಕಿರ್ ಎಂದು ಸ್ವಸ್ಥಾನ ಸೇರಿತು. ಮೆಕ್ಯಾನಿಕ್ ಮೌಲಾಲಿಯ ಕಣ್ಣು ಒದ್ದೆಯಾಯಿತು. ಅವನ ಹೆಂಡತಿ ರಾಬಿಯಾ ಮಾತ್ರ, "ಗಾಡಿ ಇನ್ನೂ ಎದ್ದಿಲ್ರಿ, ಬರೇ ಮೀಸಿ ಅಲ್ಲಾಡಿಸೇತಿ," ಅಂದಳು.

ನಾನು ಒಂದು ಕಾರು. ದೊಡ್ಡ ಸೆಡಾನ್. ಉದ್ದ ಮೂತಿ, ಸೋಫಾದಂಥ ಸೀಟು, ಬಾನೆಟ್ಟಿನೊಳಗೆ ಎಂಟು ಸಿಲಿಂಡರಿನ ಎಂಜಿನ್. ಸಮುದ್ರದಾಚೆಯ ಕಾರ್ಖಾನೆಯಲ್ಲಿ ಹುಟ್ಟಿದೆ. ಎಲ್ಲ ಮುಗಿದ ಮೇಲೆ ಒಬ್ಬ ಬಂದು, ಮುಂದಿನ ಸೀಟಿನ ಪಕ್ಕದ ನೆಲದ ತಗಡಿನಲ್ಲಿ ಹದಿನೇಳು ಅಕ್ಷರ, ಅಂಕಿಗಳನ್ನು ಕೊರೆದು ಹೋದ. ಚಾಸಿ ನಂಬರ್. ಹಚ್ಚೆ ಹಾಕಿದ ಎಂದುಕೊಂಡೆ. ಜಾತಕ ಬರೆದದ್ದು ಎಂದು ಆಗ ಗೊತ್ತಾಗಲಿಲ್ಲ.

ನನ್ನಲ್ಲಿ ಮುಂದಿನ ಗಾಲಿಗಳು ದಿಕ್ಕು ತೋರಿಸುತ್ತವೆ, ಹಿಂದಿನವು ದುಡಿಯುತ್ತವೆ. ಕಚೇರಿಗಳಲ್ಲೂ ಇದೇ ಏರ್ಪಾಡು ಎಂದು ಆಮೇಲೆ ತಿಳಿಯಿತು. ಇದರ ಸುಖವೇ ಬೇರೆ. ಆಕ್ಸಿಲರೇಟರ್ ಮುಟ್ಟಿದರೆ ಕೂತವರ ಬೆನ್ನು ಸೀಟಿಗೆ ಅಂಟುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ಬೆಣ್ಣೆ. ಆದರೆ ನೆಲ ಒದ್ದೆಯಾಯಿತೋ, ನನ್ನ ಹಿಂಭಾಗಕ್ಕೆ ಸ್ವಂತ ಅಭಿಪ್ರಾಯ ಹುಟ್ಟುತ್ತದೆ. ಹೊಟ್ಟೆ ಬಹಳ ತಗ್ಗು. ಪೆಟ್ರೋಲ್ ವಿಷಯ ಎತ್ತಬೇಡಿ. ನಾನು ಕುಡುಕ, ಒಪ್ಪುತ್ತೇನೆ.

ನನ್ನನ್ನು ಹುಬ್ಬಳ್ಳಿಗೆ ತರಿಸಿಕೊಂಡವರು ಹತ್ತಿ ಮಿಲ್ಲಿನ ಶಿವಯೋಗೆಪ್ಪ ಸಾಹುಕಾರರು. ಮನೆಯಿಂದ ಮಿಲ್ಲಿಗೆ ಮೂರು ಕಿಲೋಮೀಟರ್ ದಾರಿ, ಹನ್ನೊಂದು ರೋಡ್ ಹಂಪು. ಗಂಟೆಗೆ ಇನ್ನೂರೈವತ್ತು ಓಡಬಲ್ಲ ನಾನು ದಿನಕ್ಕೆ ಇಪ್ಪತ್ತೆರಡು ಸಲ ಹೊಟ್ಟೆ ಕೆರೆಸಿಕೊಂಡು ತೆವಳಿದೆ. ಒಂದು ಮಳೆಗಾಲದ ಬೆಳಿಗ್ಗೆ ಸರ್ಕಲ್ಲಿನಲ್ಲಿ ನನ್ನ ಬಾಲ ಜಾರಿತು. ಗಿರ್ರನೆ ತಿರುಗಿದೆ. ಮಿಲ್ಲಿಗೆ ಹೊರಟ ಸಾಹುಕಾರರು ಮನೆ ಕಡೆ ಮುಖ ಮಾಡಿ ನಿಂತಿದ್ದರು.

"ದನಾ ಆಗಿದ್ರ ಹಗ್ಗಾ ಹಾಕಿ ಹಿಡೀಬಹುದಿತ್ತು. ಇದನ್ನ ಎಲ್ಲಿ ಹಿಡಿಯೂದು?" ಎಂದವರು ಇಳಿದು ಆಟೊ ಹತ್ತಿದರು. ಮತ್ತೆ ನನ್ನನ್ನು ಹತ್ತಲಿಲ್ಲ.

ಆಮೇಲೆ ಮದುವೆ ಗಾಡಿ ಬಾಡಿಗೆಗೆ ಬಿಡುವ ಗಿರಿಮಲ್ಲನ ಕೈಸೇರಿದೆ. ನೂರಾರು ಮದುಮಗರನ್ನು ಹೊತ್ತೆ. ಮೂತಿ ತುಂಬ ಸೇವಂತಿಗೆ, ಹೊಟ್ಟೆ ತುಂಬ ಹಂಪಿನ ಏಟು. ಕೊನೆಗೊಂದು ದಿನ ನೆಲದ ತಗಡು ತೂತು ಬಿದ್ದು, ಒಬ್ಬ ವರನ ಜರಿಶಲ್ಯ ರಸ್ತೆಗಿಳಿಯಿತು. ಗಿರಿಮಲ್ಲ ನನ್ನನ್ನು ಮೌಲಾಲಿಯ ಗ್ಯಾರೇಜಿಗೆ ಎಳೆದು ತಂದು, "ನೀನ ಇಟ್ಕೊ ಮಾರಾಯಾ," ಎಂದು ಕಾಗದಪತ್ರ ಕೊಟ್ಟು ಕೈಮುಗಿದ.

ಮೌಲಾಲಿ ನನ್ನನ್ನು ಮೂರು ವರ್ಷ ಬಿಚ್ಚಿದ, ಮೂರು ವರ್ಷ ಜೋಡಿಸಿದ. ತೂತಿನ ಮೇಲೆ ದಪ್ಪ ಕಬ್ಬಿಣದ ಪ್ಲೇಟು ಇಟ್ಟು ವೆಲ್ಡಿಂಗ್ ಮಾಡಿ, ಪುಟ್ಟಿ ಬಳಿದು, ಬಣ್ಣ ಹೊಡೆದು, "ನೂರ್ ವರ್ಸ ಅಲ್ಲಾಡಂಗಿಲ್ಲ," ಅಂದ.

ಅಷ್ಟರಲ್ಲಿ ನನಗೆ ಹದಿನೈದು ತುಂಬಿತು. ಮನುಷ್ಯರಿಗೆ ಆ ವಯಸ್ಸಿಗೆ ಮೀಸೆ ಚಿಗುರಿದರೆ ಕಾರಿಗೆ ಎಫ್‌ಸಿ ಬರುತ್ತದೆ. ಗಾಡಿ ಓಡಲು ಯೋಗ್ಯವೇ ಎಂಬ ಆ ಸರ್ಕಾರಿ ಪರೀಕ್ಷೆಯಲ್ಲಿ ಪಾಸಾದರೆ ಇನ್ನೈದು ವರ್ಷ ರಸ್ತೆ, ಫೇಲಾದರೆ ಗುಜರಿ. ಅದಕ್ಕೆ ಕೊನೆಯ ದಿನವೇ ಆ ಶುಕ್ರವಾರ.

"ಎಫ್‌ಸಿ ಆಗ್ಲಿ. ಐತವಾರ ಕಾರವಾರ!" ಎಂದ ಮೌಲಾಲಿ. "ನೀ ಸಾಹುಕಾರ್ತಿಗತೆ ಹಿಂದ ಕುಂಡ್ರು. ಸಮುದ್ರ ತೋರಸ್ತೀನಿ."

"ಇಪ್ಪತ್ ವರ್ಸ ಸ್ಕೂಟರ್ ಹಿಂದ ಕುಂತೀನಿ. ನಿಮ್ಮ ಬೆನ್ನ ಬಿಟ್ಟು ಬ್ಯಾರೆ ಏನೂ ಕಂಡಿಲ್ಲ," ಅಂದಳು ರಾಬಿಯಾ. ಆದರೂ ನನ್ನ ಎಂಜಿನ್ ಗುಡುಗಿ ಎದ್ದದ್ದೇ ಬುತ್ತಿ ಕಟ್ಟಿಕೊಂಡು ಪರೀಕ್ಷೆಯ ಮೈದಾನಕ್ಕೆ ಬಂದು ಬೇವಿನ ಮರದಡಿ ಕೂತಳು.

ಬ್ರೇಕ್ ಇನ್‌ಸ್ಪೆಕ್ಟರ್ ಅಂಗಡಿ ಸಾಹೇಬರು ಒಂದು ಗಂಟೆಗೆ ಪೆನ್ನು ಮುಚ್ಚುವವರು. ನಮ್ಮ ಸರದಿ ಬಂದಾಗ ಹನ್ನೆರಡೂ ಕಾಲು. ದೀಪ, ಹಾರನ್, ಹೊಗೆ ಎಲ್ಲ ಪಾಸು. ವೈಪರ್ ಅಂತೂ ಸಲಾಮು ಹೊಡೆಯಿತು.

"ನಲವತ್ತಕ್ಕ ಓಡ್ಸಿ ಬ್ರೇಕ್ ಹೊಡಿ," ಅಂದರು ಸಾಹೇಬರು.

ಮೈದಾನದ ನಡುವೆ ಟ್ಯಾಂಕರಿನಿಂದ ಸೋರಿದ ನೀರು ಹರಡಿತ್ತು. ನನ್ನ ಎದೆ, ಅಂದರೆ ಎಂಟು ಸಿಲಿಂಡರುಗಳು, ಒಟ್ಟಿಗೆ ಬಡಿದವು. ಮೌಲಾಲಿ ಬ್ರೇಕ್ ಒತ್ತಿದ. ಹಿಂಭಾಗ ಜಾರಿತು. ಬೇವಿನ ಮರ ಅಡ್ಡಡ್ಡಲಾಗಿ ನನ್ನ ಕಡೆ ಬರತೊಡಗಿತು. ಅದರಡಿ ಬುತ್ತಿ ಹಿಡಿದ ರಾಬಿಯಾ. ನನ್ನನ್ನು ನಾನೇ ತಡೆಯಲಾರೆ. ಮೌಲಾಲಿ ಬೆದರಿ ಇನ್ನಷ್ಟು ಒತ್ತಿದ್ದರೆ ಮುಗಿಯುತ್ತಿತ್ತು. ಅವನು ಕಾಲು ಸಡಿಲಿಸಿ, ಬಾಲ ಜಾರಿದ ದಿಕ್ಕಿಗೇ ಸ್ಟೀರಿಂಗ್ ತಿರುಗಿಸಿದ. ನೆಟ್ಟಗಾದೆ. ನಿಂತೆ. ಮರಕ್ಕೂ ನನಗೂ ಒಂದು ಗೇಣು.

ರಾಬಿಯಾ ಎದ್ದಿರಲಿಲ್ಲ. ಬುತ್ತಿ ಮಾತ್ರ ಎದೆಗವಚಿಕೊಂಡಿದ್ದಳು. "ಸಮುದ್ರ ಸಾಕ್ರಿ. ಸಾಯೂದ ಬ್ಯಾಡ," ಅಂದಳು.

ಸಾಹೇಬರು ಒಣನೆಲದಲ್ಲಿ ಇನ್ನೊಮ್ಮೆ ಓಡಿಸಿ ನೋಡಿ, "ಬ್ರೇಕ್ ಪಾಸ್," ಎಂದು ಬರೆದರು. ಗಂಟೆ ಹನ್ನೆರಡೂವರೆ. "ಚಾಸಿ ನಂಬರ್ ಪ್ರಿಂಟ್ ಕೊಡು. ಸಹಿ ಹಾಕ್ತೀನಿ."

ಕೊರೆದ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿ ಮೂಡುತ್ತದೆ. ಮಗು ಮಾಡುವ ಕೆಲಸ. ಮೌಲಾಲಿ ಬಗ್ಗಿದ. ಎದ್ದ. ಮತ್ತೆ ಬಗ್ಗಿದ. ಅವನ ಮುಖ ಪುಟ್ಟಿ ಹಚ್ಚಿದ ತಗಡಿನಂತೆ ಬಿಳಿಚಿತು.

ನೂರು ವರ್ಷ ಅಲ್ಲಾಡದ ಪ್ಲೇಟು ಕೂತಿದ್ದು ನನ್ನ ಜಾತಕದ ಮೇಲೆಯೇ.

ಪಕ್ಕದ ವೆಲ್ಡಿಂಗ್ ಶೆಡ್ಡಿನಿಂದ ಗ್ರೈಂಡರ್ ಬಂತು. ಕಿಡಿ ಹಾರಿತು. ಒಂದೊಂದೇ ಅಂಕಿ ಬೆಳಕಿಗೆ ಬಂತು. ಒಂದಕ್ಕೆ ಐದು ನಿಮಿಷವಿದ್ದಾಗ ಹದಿನಾರು ಕಂಡವು. ಹದಿನೇಳನೆಯದು ಇರಬೇಕಾದಲ್ಲಿ ವೆಲ್ಡಿಂಗಿಗೆ ಕರಗಿದ ಕಬ್ಬಿಣದ ಗುಳ್ಳೆ.

"ಮೂರೋ, ಎಂಟೋ?" ಸಾಹೇಬರು ಕನ್ನಡಕ ಏರಿಸಿದರು.

"ಎಂಟ್ ಸರ್! ಕಾಗದದಾಗ ಎಂಟ್ ಐತಿ."

"ಗಾಡಿ ನೋಡಿ ಕಾಗದ ಓದಬೇಕು ಮೌಲಾಲಿ. ಕಾಗದ ನೋಡಿ ಗಾಡಿ ಓದಾಕ ಬರೂದಿಲ್ಲ." ಸಾಹೇಬರ ದನಿಯಲ್ಲಿ ಬೇಸರವಿತ್ತು. "ಗಾಡಿ ಬಂಗಾರದಂಗ ಐತಿ. ಆದ್ರ ಯಾವ ಗಾಡಿ ಅಂತ ಬರೀಲಿ?" ಪೆನ್ನು ಮುಚ್ಚಿತು.

ಮರುದಿನ ಗುಜರಿಯವನು ಬಂದ, ಬಗ್ಗಿ ನೋಡಿದ, ಎದ್ದ. "ಪೂರಾ ನಂಬರ್ ಇಲ್ದ ಗಾಡಿ ಒಡ್ಯಾಕ ಬರಂಗಿಲ್ಲ ಭಾಯ್. ನಂಗೂ ರೂಲ್ಸ್ ಅದಾವು."

ಬದುಕಲು ಬಿಡದ ಅಂಕಿಯೇ ಸಾಯಲೂ ಬಿಡಲಿಲ್ಲ. ಇಡೀ ಮೈ ನಾನೇ. ಆದರೆ ನಾನು ನಾನೆನ್ನಲು ಉಗುರಿನಷ್ಟು ಕಬ್ಬಿಣ ಕಡಿಮೆ. ಗ್ಯಾರೇಜಿನ ಮೂಲೆಯಲ್ಲಿ, ಹಳೆಯ ಟೈರುಗಳ ಪಕ್ಕ ನಿಂತಿದ್ದೇನೆ.

ಐತವಾರ ರಾಬಿಯಾ ಬುತ್ತಿ ಹಿಡಿದು ಬಂದಳು. ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಸಾಹುಕಾರ್ತಿಯಂತೆ ಕೂತಳು. ಮೌಲಾಲಿ ಸ್ಟೀರಿಂಗ್ ಮುಂದೆ ಕೂತ. ವೈಪರ್ ಹಾಕಿದ.

"ಕಾರವಾರ ಬಂತೇನ್ರಿ?" ಅಂದಳು.

"ಇನ್ನೂ ಒಂದ್ ಅಂಕಿ ದೂರ ಐತಿ," ಅಂದ ಮೌಲಾಲಿ.