ಡೊಂಬಯ್ಯನ ಎದೆಯುರಿ

ಮೂಡಬಿದಿರೆ ಪೇಟೆಯ ಟೈಲರ್ ಡೊಂಬಯ್ಯನಿಗೆ ಎದೆಯುರಿ ಹಿಡಿದದ್ದು ಐವತ್ತೆರಡನೇ ಇಸವಿಯಲ್ಲಿ, ಬೆಳ್ತಂಗಡಿಯ ಅಕ್ಕ ಪೂವಮ್ಮನ ಮನೆಯಲ್ಲಿ ಗಡದ್ದಾಗಿ ಉಂಡು ಬಂದ ಮೂರನೆಯ ದಿನ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು. ಎದೆಯ ನಡುವೆ ಉರಿ, ಗಂಟಲಿಗೆ ಹುಳಿನೀರು. ತಿಂಗಳಾದರೂ ಬಿಡದಿದ್ದಾಗ ಅವನು ನೆರಿಯ ಎಂಬ ಊರಿನ ಕಡೆಯ ಒಬ್ಬ ಮದ್ದು ತೆಗೆಯುವವನಲ್ಲಿಗೆ ಹೋದ.

ನಮ್ಮ ಕಡೆ ಹೊಟ್ಟೆಯ ಕಾಯಿಲೆ ವಾಸಿಯಾಗದಿದ್ದರೆ, ಯಾರೋ ವಶ ಮಾಡಿಕೊಳ್ಳಲು ಊಟದಲ್ಲಿ ಕೈಮದ್ದು ಬೆರೆಸಿ ತಿನ್ನಿಸಿದ್ದಾರೆ ಎಂದೇ ಅರ್ಥ. ಮದ್ದು ತೆಗೆಯುವವನು ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಬಿದ್ದದ್ದರಲ್ಲಿ ಒಂದು ಕಪ್ಪು ಚೂರನ್ನು ಕಡ್ಡಿಯಿಂದ ಎತ್ತಿ ತೋರಿಸಿದ. ದಿನಕ್ಕೆ ಇಪ್ಪತ್ತು ಸಲ ಎಲೆಯಡಿಕೆ, ಹೊಗೆಸೊಪ್ಪು ಜಗಿಯುವವನ ಹೊಟ್ಟೆಯಲ್ಲಿ ಅಡಿಕೆಯ ಚೂರಲ್ಲದೆ ಮುತ್ತು ಸಿಗುತ್ತದೆಯೇ? ಡೊಂಬಯ್ಯನಿಗೆ ಮಾತ್ರ ಅದು ಮದ್ದಾಗಿಯೇ ಕಂಡಿತು.

"ಹತ್ತಿರದ ಹೆಂಗಸಿನ ಕೈ," ಎಂದ ಮದ್ದು ತೆಗೆಯುವವನು. "ಸಿಹಿಯಲ್ಲಿ ಕೊಟ್ಟದ್ದು."

ಪೂವಮ್ಮ ಪಾಯಸ ಬಡಿಸಿದ್ದಳು. ತನ್ನ ಮಗಳನ್ನು ತಮ್ಮನ ಮಗನಿಗೆ ಕೊಡುವ ಮಾತನ್ನೂ ಅದೇ ದಿನ ಎತ್ತಿದ್ದಳು. ಇನ್ನೇನು ಬೇಕು? ಅಕ್ಕ ಮದ್ದು ಹಾಕಿದಳೆಂದು ಡೊಂಬಯ್ಯ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಅವಳು ಒಮ್ಮೆ ಬಸ್ಸು ಹತ್ತಿ ಬಂದು ಅಂಗಡಿಯ ಮೆಟ್ಟಿಲಲ್ಲಿ ಅರ್ಧ ಗಂಟೆ ನಿಂತಳು. ಅವನು ಮಿಷನ್ ತುಳಿಯುತ್ತಲೇ ಇದ್ದ.

ಅವನು ಅಕ್ಕನನ್ನು ಬಿಟ್ಟ, ಉರಿ ಅವನನ್ನು ಬಿಡಲಿಲ್ಲ. ಹನ್ನೊಂದು ವರ್ಷ ಸೋಡಾಪುಡಿ ನುಂಗಿ ದಿನ ದೂಡಿದ. ಕೊನೆಗೆ ಹೆಂಡತಿ ಸೇಸಮ್ಮನ ಒತ್ತಾಯಕ್ಕೆ, ಪೇಟೆಗೆ ಹೊಸದಾಗಿ ಬಂದ ಡಾಕ್ಟರ್ ಶ್ರೇಯಾಂಸಕುಮಾರರ ಮುಂದೆ ಹೋಗಿ ಕುಳಿತ.

"ಊಟ ಆದ ಮೇಲೆ ಎಂತ ಮಾಡ್ತೀರಿ?" ಎಂದರು ಡಾಕ್ಟರು.

"ಮಿಷನಿಗೆ ಕೂರ್ತೇನೆ. ಬಗ್ಗದೆ ಹೊಲಿಗೆ ಆಗ್ತದಾ?"

"ರಾತ್ರಿ?"

"ಹತ್ತು ಗಂಟೆಗೆ ಉಂಡು ಕೂಡಲೇ ಮಲಗ್ತೇನೆ."

ಡಾಕ್ಟರು ನಕ್ಕರು. "ಹೊಟ್ಟೆ ಅಂದರೆ ಒಂದು ಚೀಲ. ನಿಮ್ಮ ಚೀಲದ ಬಾಯಿ ಸ್ವಲ್ಪ ಸಡಿಲ ಉಂಟು. ತುಂಬಿಸಿ ಬಗ್ಗಿಸಿದರೆ ಒಳಗಿನ ಹುಳಿ ಮೇಲೆ ಬರ್ತದೆ. ನಮ್ಮ ಜೈನರ ಹಾಗೆ ಹೊತ್ತು ಮುಳುಗುವ ಮೊದಲು ಉಣ್ಣಿ. ಉಂಡು ಎರಡು ಮೂರು ಗಂಟೆ ಬಗ್ಗುವುದು, ಮಲಗುವುದು ಬೇಡ. ಮಂಚದ ತಲೆ ಕಡೆಯ ಕಾಲುಗಳಿಗೆ ಇಟ್ಟಿಗೆ ಇಡಿ. ಹೊಗೆಸೊಪ್ಪು ಬಿಡಿ."

"ಮದ್ದು ತೆಗೆಯುವುದು ಬೇಡವಾ?"

"ಯಾರೂ ಹಾಕದ ಮದ್ದನ್ನು ತೆಗೆಯುವುದು ಹೇಗೆ ಮಾರಾಯ್ರೆ?"

ಎರಡು ತಿಂಗಳಲ್ಲಿ ಉರಿ ಹತೋಟಿಗೆ ಬಂತು. ಪೂರ್ತಿ ಹೋಗಲಿಲ್ಲ, ಮದುವೆಯೂಟದಲ್ಲಿ ನಾಲಗೆ ಕೇಳದ ದಿನ ಮತ್ತೆ ಏಳುತ್ತಿತ್ತು. ಆದರೆ ಯಾಕೆ ಎದ್ದಿತೆಂದು ಈಗ ಅವನಿಗೆ ಗೊತ್ತಿರುತ್ತಿತ್ತು. ಆ ಗೊತ್ತಾದದ್ದೇ ಕಷ್ಟಕ್ಕೆ ಬಂತು. ಹಾಗಾದರೆ ಅಕ್ಕ ಏನೂ ಹಾಕಿರಲಿಲ್ಲ. ಡೊಂಬಯ್ಯನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಹೋಗಿ ಅವರ ಕೈಯಲ್ಲಿ ಉಂಡು ಬನ್ನಿ," ಎಂದಳು ಸೇಸಮ್ಮ. "ಬಾಯಿಮಾತಿನ ಕ್ಷಮೆ ಸಾಲುವುದಿಲ್ಲ."

ಅಕ್ಕನಿಗೊಂದು ರವಕೆ ಹೊಲಿಯೋಣವೆಂದುಕೊಂಡ. ಅವನಲ್ಲಿದ್ದ ಅಳತೆ ಹನ್ನೊಂದು ವರ್ಷ ಹಳೆಯದು. ಬರೀ ಬಟ್ಟೆಯನ್ನೇ ಮಡಚಿಕೊಂಡು ಬೆಳ್ತಂಗಡಿಯ ಬಸ್ಸು ಹತ್ತಿದ.

ಪೂವಮ್ಮ ಬಾಗಿಲಲ್ಲಿ ನಿಂತು ನೋಡಿದಳು. ತಲೆ ಪೂರ್ತಿ ನರೆತಿತ್ತು.

"ಅಕ್ಕ, ನನ್ನದೇ ತಪ್ಪು. ಉಣ್ಣಲಿಕ್ಕೆ ಬಂದೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಕೂತುಕೋ" ಎಂದು ಎಲೆ ಹಾಕಿ ಅನ್ನದ ಪಾತ್ರೆ, ಸಾರು, ಪಲ್ಯ ತಂದಿಟ್ಟಳು. ಬಡಿಸುವ ಮೊದಲು ಪ್ರತಿಯೊಂದರಿಂದಲೂ ಒಂದಿಷ್ಟು ತನ್ನ ಅಂಗೈಗೆ ಹಾಕಿಕೊಂಡು, ಅವನ ಎದುರೇ ನಿಂತು ತಿಂದಳು.

ಡೊಂಬಯ್ಯನ ಜೀವ ಹಿಡಿಯಷ್ಟಾಯಿತು. "ನನಗೆ ಈಗ ಸಂಶಯ ಇಲ್ಲ ಅಕ್ಕ. ಹೀಗೆ ಮಾಡಬೇಡ."

"ನಿನಗೆ ಅಂತ ಮಾಡಿದ್ದಲ್ಲ," ಎಂದಳು ಪೂವಮ್ಮ, ಕೈ ತೊಳೆದು ಸೌಟು ಹಿಡಿಯುತ್ತ. "ಯಾರು ಬಂದರೂ ಹೀಗೇ. ಇಲ್ಲದಿದ್ದರೆ ಈ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ."