ಚಿತ್ರಕಾರರು ಮಡದಿಯನ್ನು ನಗಿಸಿದ್ದು

ಮುಂಜಾನೆಯ ಆ ಕೋಮಲ ಪ್ರಕಾಶವನ್ನು ನೀವೂ ಕಂಡಿರುತ್ತೀರಿ, ಸಹೃದಯ ವಾಚಕರೇ! ಹಿಂದಿನ ದಿನದ ಮಳೆ ತೊಳೆದಿಟ್ಟ ಆಕಾಶದಿಂದ ಹೊರಟು, ಎದುರು ಮನೆಯ ತೇವದ ಗೋಡೆಯನ್ನು ಮೆಲ್ಲನೆ ಸವರಿ, ಉತ್ತರದ ದೊಡ್ಡ ಕಿಟಕಿಯೊಳಗೆ ಸದ್ದಿಲ್ಲದೆ ಇಳಿದುಬರುವ ಬೆಳಕದು... ಬಿಸಿಲಿನ ಅಹಂಕಾರವಿಲ್ಲದ, ನೆರಳಿನ ಕಾರ್ಪಣ್ಯವಿಲ್ಲದ, ಹಾಲಿನ ಕೆನೆಯಂತೆ ನಯವಾದ ಬೆಳಕು! ಅದು ಬಿದ್ದರೆ ಸುಣ್ಣ ಉದುರಿದ ಗೋಡೆಗೂ ಒಂದು ಗಾಂಭೀರ್ಯ ಬರುತ್ತದೆ. ಬಣ್ಣ ಕಲಸುವ ಅಗಸೆ ಎಣ್ಣೆ, ಟರ್ಪೆಂಟೈನುಗಳ ಘಾಟೂ ಸುಗಂಧವೆನಿಸುತ್ತದೆ. ನಮ್ಮ ಚಿತ್ರಕಾರರು ದಿನವೂ ಆ ಕಿಟಕಿಯೆದುರು, ಒಂದು ಕೈಯಲ್ಲಿ ಚಹಾದ ಲೋಟ, ಇನ್ನೊಂದರಲ್ಲಿ ಕುಂಚ ಅದ್ದುವ ಲೋಟ ಹಿಡಿದು ಆನಂದಪರವಶರಾಗಿ ನಿಲ್ಲುತ್ತಿದ್ದರು. ಯಾವುದನ್ನು ಕುಡಿಯಬೇಕೆಂಬುದನ್ನು ಒಳಗಿನಿಂದ ಅವರ ಮಡದಿ ಕೂಗಿ ಹೇಳುತ್ತಿದ್ದಳು.

"ರೀ, ಬಲಗೈದು!"

ಭಾವಚಿತ್ರ ಬರೆಸಿಕೊಳ್ಳಲು ಬರುವವರ ಪಾಡನ್ನು ಏನೆಂದು ವರ್ಣಿಸಲಿ! ಬೀದಿಯಲ್ಲಿ ಹರಟುತ್ತ, ಕೈಬೀಸುತ್ತ ಬಂದ ಮನುಷ್ಯರು ಆ ಮರದ ಕುರ್ಚಿಯಲ್ಲಿ ಕುಳಿತೊಡನೆ ಗದ್ದ ಎತ್ತಿ, ಉಸಿರು ಬಿಗಿಹಿಡಿದು, ಹಲ್ಲು ಕೀಳಿಸಿಕೊಳ್ಳಲು ಬಂದವರಂತಾಗಿಬಿಡುತ್ತಿದ್ದರು. ಆಗ ಮಡದಿ ತರಕಾರಿಯ ಬುಟ್ಟಿಯೊಡನೆ ಬಂದು, ಚಿತ್ರಕಾರರ ಬೆನ್ನ ಹಿಂದಿನ ಬೆಂಚಿನ ಮೇಲೆ ಕುಳಿತು, ಬೀನ್ಸಿನ ನಾರು ತೆಗೆಯುತ್ತ ಮಾತಿಗಿಳಿಯುತ್ತಿದ್ದಳು. ಕಂಡರೆ ನಡುಕ ಹುಟ್ಟಿಸುವ ನಿವೃತ್ತ ನ್ಯಾಯಾಧೀಶರನ್ನು, "ಚಿಕ್ಕವರಿದ್ದಾಗ ಯಾರ ತೋಟದ ಹಣ್ಣು ಕದೀತಿದ್ರಿ?" ಎಂದು ಕೇಳಿದ್ದಳು. ಬಾಗಿಲಲ್ಲಿ ಅಡ್ಡಡ್ಡ ನುಸುಳಿ ಒಳಬಂದ ಪೈಲ್ವಾನರನ್ನು, "ನಿಮ್ಮಮ್ಮ ಮನೇಲಿ ನಿಮ್ಮನ್ನ ಏನಂತ ಕರೀತಾರೆ?" ಎಂದು ಕೇಳಿದಾಗ, ಆ ಪರ್ವತಸದೃಶ ಪುರುಷ ನೆಲ ನೋಡಿ, "ಗುಬ್ಬಿ" ಎಂದು ಪಿಸುಗುಟ್ಟಿದ್ದ. ಆ ಕ್ಷಣದಲ್ಲಿ ಮುಖದ ಮೇಲೆ ಮಿಂಚಿ ಮಾಯವಾಗುವ ಕಾಂತಿಯನ್ನು ಚಿತ್ರಕಾರರು ಕುಂಚದ ತುದಿಯಲ್ಲಿ ಹಿಡಿದು ಕ್ಯಾನ್ವಾಸಿಗಿಳಿಸುತ್ತಿದ್ದರು. "ಆಹಾ, ಏನು ಜೀವಕಳೆ!" ಎಂದು ಊರೆಲ್ಲ ಹೊಗಳುತ್ತಿತ್ತು. ಅದು ತಮ್ಮ ಕುಂಚದ ಮಹಿಮೆಯೆಂದೇ ಚಿತ್ರಕಾರರು ನಂಬಿದ್ದರು. ಅವರಿಗೆ ಜಂಬವೇನೂ ಇರಲಿಲ್ಲ. ಹಾಗಲ್ಲವೆಂದು ಯಾರೂ ಹೇಳಿರಲಿಲ್ಲ, ಅಷ್ಟೆ.

ಹೀಗಿರಲು ಅವರ ಮಗಳು, ಗಂಡನೊಡನೆ ಹೊಸ ಮನೆಗೆ ಬಿಡಾರ ಬದಲಿಸಿದವಳು, ಒಂದು ದಿನ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಪ್ಪಾ, ನಮ್ಮ ಹೊಸ ಮನೆಗೆ ಅಮ್ಮನ ಚಿತ್ರ ಬೇಕು. ಊರಿಗೆಲ್ಲ ಬರೆದುಕೊಟ್ಟಿದ್ದೀಯ, ಅಮ್ಮನ್ನ ಒಂದ್ಸಲಾನಾದ್ರೂ ಬರೆದಿದ್ದೀಯಾ? ಮುಂದಿನ ಭಾನುವಾರ ಬಂದು ತಗೊಂಡು ಹೋಗ್ತೀನಿ."

ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಸುಮ್ಮನೆ ಅಲ್ಲ! ಚಿತ್ರಕಾರರು ನಾಚಿ ತಲೆ ಕೆರೆದುಕೊಂಡರು. ಮಡದಿಯೋ, "ನನ್ನ ಮುಖಕ್ಕೇನು ಚಿತ್ರ" ಎಂದು ಮೂಗು ಮುರಿದರೂ, ಮರುದಿನ ಹೊಸ ಬಟ್ಟೆಯುಟ್ಟು, ಕೂದಲನ್ನು ಒಂದಲ್ಲ ಮೂರು ಸಲ ಬಾಚಿ, ಎಲ್ಲರಿಗಿಂತ ಮೊದಲೇ ಕುರ್ಚಿಯಲ್ಲಿ ಬಂದು ಕುಳಿತಳು. ಕುಳಿತೊಡನೆ ಆಕೆಯೂ ಗದ್ದ ಎತ್ತಿದಳು, ಉಸಿರು ಬಿಗಿಹಿಡಿದಳು. ಚಿತ್ರಕಾರರು ತುಟಿ ಪಿಟಕ್ಕೆನ್ನದೆ, ಏಕಾಗ್ರಚಿತ್ತರಾಗಿ, ಹುಬ್ಬಿನ ಒಂದೊಂದು ಕೂದಲನ್ನೂ ಬಿಡದೆ ಬರೆದರು. ಚಿತ್ರ ಮುಗಿಯಿತು. ಕ್ಯಾನ್ವಾಸಿನ ಮೇಲೆ, ತೆರಿಗೆ ಕಟ್ಟದವರ ಮನೆ ಜಪ್ತಿಗೆ ಬಂದ ಅಧಿಕಾರಿಯೊಬ್ಬಳು ಕುಳಿತಿದ್ದಳು!

ಮಡದಿ ಬಹಳ ಹೊತ್ತು ನೋಡಿದಳು.

"ನಿಮ್ಮ ಕಣ್ಣಿಗೆ ನಾನು ಹೀಗೇ ಕಾಣೋದಾ?"

"ಯಾಕೆ? ಮೂಗು, ಕಿವಿ, ಎಲ್ಲ ಅಳತೆ ಸರಿಯಾಗಿದೆಯಲ್ಲ?"

"ಅಳತೆ ಸರಿಯಾಗೇ ಇದೆ ಬಿಡಿ," ಎಂದು ಆಕೆ ಒಳಗೆ ಹೋದಳು. ಒಳಗೆ ಪಾತ್ರೆಗಳು ಅಂದು ಸ್ವಲ್ಪ ಜೋರಾಗಿಯೇ ಮಾತಾಡಿದವು. ಪಾತ್ರೆ ತೊಳೆಯುತ್ತಿದ್ದವಳ ಕಣ್ಣಲ್ಲಿ ನೀರಿತ್ತು. ಮೂವತ್ತು ವರ್ಷ ಜೊತೆಗಿದ್ದವರ ಕಣ್ಣಲ್ಲಿ ತಾನೊಂದು ಬಿಗಿದ ಮುಖ ಮಾತ್ರವೇ ಎಂಬ ನೋವದು... ಅದನ್ನು ಯಾವ ಪಾತ್ರೆಯ ಮೇಲೆ ತೀರಿಸಿಕೊಂಡರೆ ಹೋದೀತು!

ಮರುದಿನ ಬೆಳಿಗ್ಗೆ ಒಳಗಿನಿಂದ ಯಾರೂ ಕೂಗಲಿಲ್ಲ. ಚಿತ್ರಕಾರರು ಎಡಗೈಯದನ್ನೇ ಬಾಯಿಗಿಟ್ಟು, ಥೂ ಎಂದು ಕಿಟಕಿಯಾಚೆ ಉಗಿದು, ಬಾಯಿ ತೊಳೆದುಕೊಂಡು ಕೆಲಸಕ್ಕೆ ನಿಂತರು. ಅಂದು ಕುರ್ಚಿಯಲ್ಲಿ ಕುಳಿತವರು ಬೇಕರಿಯ ಯಜಮಾನರು. ಮಾತಿಗೊಮ್ಮೆ ನಗುವ, ನಕ್ಕರೆ ಹೊಟ್ಟೆ ಕುಣಿಯುವ ಆಸಾಮಿ. ಆದರೆ ಅಂದು ಅವರ ಮುಖ ಒಣಗಿದ ಬ್ರೆಡ್ಡಿನಂತೆ ಗಟ್ಟಿಯಾಗುತ್ತಲೇ ಹೋಯಿತು. ಅವರ ಕಣ್ಣುಗಳು ಮಾತ್ರ ಪದೇ ಪದೇ ಚಿತ್ರಕಾರರ ಹೆಗಲ ಮೇಲಿಂದ ಹಿಂದಕ್ಕೆ ಹೋಗಿ, ಏನನ್ನೋ ಹುಡುಕಿ, ನಿರಾಶೆಯಿಂದ ಮರಳುತ್ತಿದ್ದವು.

"ಅಮ್ಮಾವ್ರು ಇವತ್ತು ಬರಲ್ವಾ?" ಎಂದರು ಕೊನೆಗೆ, ತಾಳಲಾರದೆ.

ಚಿತ್ರಕಾರರು ತಿರುಗಿ ನೋಡಿದರು. ಬೆಂಚು ಖಾಲಿ. ಬಣ್ಣ ಒಣಗಲೆಂದು ಗೋಡೆಗೊರಗಿಸಿದ್ದ ಚಿತ್ರಗಳ ಕಡೆ ನೋಡಿದರು. ನ್ಯಾಯಾಧೀಶರು, ಪೈಲ್ವಾನರು... ಒಬ್ಬರಾದರೂ ಚಿತ್ರ ಬರೆದವರನ್ನು ನೋಡುತ್ತಿದ್ದಾರೆಯೇ? ಇಲ್ಲ! ಎಲ್ಲರ ನಗುವೂ ಅವರನ್ನು ದಾಟಿ ಆ ಬೆಂಚಿಗೆ ಹೋಗುತ್ತಿತ್ತು. ದೀಪದ ಬುಡದಲ್ಲೇ ಕತ್ತಲೆಯೆಂದರೆ ಇದೇ ಅಲ್ಲವೇ? ಚಿತ್ರಕಾರರು ಕುಂಚ ಕೆಳಗಿಟ್ಟರು. ಬೇಕರಿಯವರಿಗೆ ನಾಳೆ ಬನ್ನಿ ಎಂದು ಹೇಳಿ ಕಳಿಸಿ, ಒಳಗೆ ಹೋಗಿ, ಇನ್ನೊಮ್ಮೆ ಕುಳಿತುಕೊಳ್ಳೆಂದು ಮಡದಿಯನ್ನು ಗೋಗರೆದರು. ಮಗಳಿಗಾಗಿ ಆಕೆ ಒಪ್ಪಿದಳು. ಮುಖ ಮಾತ್ರ ಬಿಗಿದೇ ಇತ್ತು.

ಈಗ ಆಕೆಯನ್ನು ನಗಿಸುವವರು ಯಾರು? ಜನ್ಮದಲ್ಲಿ ಒಂದು ಹಾಸ್ಯ ಮಾಡಿ ಅರಿಯದ ನಮ್ಮ ಚಿತ್ರಕಾರರು ನಗೆಹನಿಗಳ ಪುಸ್ತಕವೊಂದನ್ನು ತಂದು, ಶೋಕಸಭೆಯ ನಿರ್ಣಯವನ್ನು ಓದುವ ಧ್ವನಿಯಲ್ಲಿ ಓದಿದರು; ಓದಿ, ಅದರಲ್ಲಿ ನಗಬೇಕಾದ್ದು ಎಲ್ಲಿ, ಏಕೆ ಎಂಬುದನ್ನೂ ವಿವರಿಸಿದರು. ಮಡದಿ ಗಂಭೀರವಾಗಿ ತಲೆಯಾಡಿಸಿದಳು. ಬಳಿಕ ಕಣ್ಣು ಮೇಲೆ ಮಾಡಿ, ಕೆನ್ನೆ ಉಬ್ಬಿಸಿ, ನಾಲಗೆಯನ್ನು ಪಕ್ಕಕ್ಕೆ ಹೊರಳಿಸಿ ತೋರಿಸಿದರು.

"ಹೊಟ್ಟೆ ನೋಯ್ತಿದೆಯೇನ್ರೀ? ಜೀರಿಗೆ ಕಷಾಯ ಮಾಡ್ಲಾ?"

ಚಿತ್ರಕಾರರು ಬಣ್ಣದ ಹಲಗೆಯನ್ನು ಕೆಳಗಿಟ್ಟು, ಆಕೆಯ ಕಾಲ ಬಳಿ ನೆಲದ ಮೇಲೇ ಕುಳಿತುಬಿಟ್ಟರು.

"ನನ್ನಿಂದಾಗಲ್ಲ ಕಣೇ. ಅವರೆಲ್ಲ ನಕ್ಕಿದ್ದು ನಿನ್ನ ನೋಡಿ. ನಾನು ಬರೀ ಬಣ್ಣ ಹಚ್ಚಿದೆ. ಈಗ ನೀನು ಎದುರಿಗೆ ಕೂತಿದ್ದೀಯ... ನನ್ನ ಹಿಂದೆ ಕೂರೋಕೆ ನಿನ್ನಂಥ ಇನ್ನೊಬ್ಬಳನ್ನ ಎಲ್ಲಿಂದ ತರಲಿ?"

ಮಡದಿಯ ಕಣ್ಣುಗಳು ತುಂಬಿದವು. ಇಷ್ಟಕ್ಕೇ ಸುಮ್ಮನಿದ್ದರೆ ಯಾವ ತಾಪತ್ರಯವೂ ಇರಲಿಲ್ಲ. ಆದರೆ ಆ ಕಂಬನಿಯನ್ನು ಕಂಡ ಚಿತ್ರಕಾರರು, ತಮ್ಮ ಸಾದಾ ಮಾತು ಸಾಲದಾಯಿತೆಂದು ಗಾಬರಿಗೊಂಡು, ಮೊಣಕಾಲೂರಿ ಎದ್ದು, ನೀಲಿ ಬಣ್ಣ ಮೆತ್ತಿದ ಕೈಯನ್ನು ಎದೆಯ ಮೇಲಿಟ್ಟು, ಯೌವನದಲ್ಲಿ ಕಲಿತು ಇಷ್ಟು ದಿನವೂ ಬಾಯಿಗೆ ಬಾರದಿದ್ದ ಶಬ್ದವೊಂದನ್ನು ಹೊರಗೆಡವಿದರು.

"ಪ್ರಿಯೇ..."

ಮಡದಿ ಹಿಂತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಯಾರಿಗ್ರೀ?"

"ನಿನಗೇ! ಪ್ರಿಯೇ... ನನ್ನ ಹೃದಯಸಾಮ್ರಾಜ್ಯದ..."

ಮುಂದಿನದು ಕೇಳಿಸಲಿಲ್ಲ. ಮೊದಲು ಆಕೆಯ ಹೆಗಲು ಅಲುಗಿತು, ಆಮೇಲೆ ತುಟಿ, ಆಮೇಲೆ ಬಾಚಿದ ಕೂದಲೆಲ್ಲ ಬಿಚ್ಚಿಕೊಳ್ಳುವಂತೆ, ಬಿರುಮಳೆ ಒಮ್ಮೆಲೇ ತಗಡಿನ ಮಾಡಿನ ಮೇಲೆ ಬಿದ್ದಂತೆ ಆಕೆ ನಕ್ಕಳು!

"ನಗಬೇಡ! ನಾನು ನಿಜ ಹೇಳ್ತಿದ್ದೀನಿ!"

"ಗೊತ್ತು ರೀ... ನಿಜ ಅಂತ ಗೊತ್ತಾಗಿದ್ದಕ್ಕೇ..." ಆಕೆಗೆ ಉಸಿರು ಸಿಗಲಿಲ್ಲ.

ಚಿತ್ರಕಾರರು ಅರೆಕ್ಷಣ ಮುನಿದರು. ಮುನಿದೇ ತಲೆಯೆತ್ತಿದರು. ಆ ಮುಖ ಕಂಡಿತು... ಕಂಡದ್ದೇ ತಡ, ಮುನಿಸು ಮರೆತು, ಕುಂಚ ಹುಡುಕಿ, ಕ್ಯಾನ್ವಾಸಿನತ್ತ ಹಾರಿದರು. "ಅಲುಗಾಡಬೇಡ!" "ಹೇಗ್ರೀ ಅಲುಗಾಡದೆ ಇರೋದು!" ನಗು ಇಳಿಯಿತೆಂದು ಕಂಡಾಗಲೆಲ್ಲ ಚಿತ್ರಕಾರರು, ಕಣ್ಣನ್ನು ಕ್ಯಾನ್ವಾಸಿನಿಂದ ಕೀಳದೆ, ಒಲೆಗೆ ಸೌದೆ ತಳ್ಳುವವರಂತೆ ಇನ್ನೊಂದು "ಪ್ರಿಯೇ" ತಳ್ಳುತ್ತಿದ್ದರು. ಬೆಳಕು ಇಳಿಯುವವರೆಗೂ ಆ ಮನೆಯಿಂದ ಹೊರಟ ಸದ್ದಿಗೆ ಬೀದಿಯವರು ನಿಂತು ನೋಡಿ ಮುಂದೆ ಹೋದರು.

ಭಾನುವಾರ ಮಗಳು ಬಂದಳು. ಚಿತ್ರದಲ್ಲಿ ತಾಯಿಯ ಕಣ್ಣುಗಳೆರಡೂ ನಗುವಿನಲ್ಲಿ ಮುಚ್ಚಿಹೋಗಿದ್ದವು, ಕೂದಲು ಕೆದರಿತ್ತು, ಯಾರ ಮುಂದೆಯೂ ತೋರದ ಸೊಟ್ಟ ಹಲ್ಲು ಎಲ್ಲರ ಮುಂದೆ ಬಂದು ನಿಂತಿತ್ತು. "ಕಣ್ಣೇ ಬರೆದಿಲ್ಲ ನೋಡೇ ನಿಮ್ಮಪ್ಪ," ಎಂದು ತಾಯಿ ದೂರಿದಳು, ದೂರಿನ ಲವಲೇಶವೂ ಇಲ್ಲದ ದನಿಯಲ್ಲಿ. ಮಗಳು ಚಿತ್ರವನ್ನು ನೋಡುತ್ತ ನೋಡುತ್ತ ತಾನೂ ನಕ್ಕಳು, ನಕ್ಕು, ಕಣ್ಣೊರೆಸಿಕೊಂಡಳು.

"ಅಮ್ಮಾ, ನೀನು ಇಷ್ಟೊಂದು ನಗೋದನ್ನ ನಾನೇ ನೋಡಿಲ್ಲ. ಯಾರು ನಗಿಸಿದ್ದು?"

ತಾಯಿ ತಂದೆಯತ್ತ ಬೊಟ್ಟು ಮಾಡಿದಳು.

"ಅಪ್ಪಾನಾ? ಸಾಧ್ಯಾನೇ ಇಲ್ಲ! ಏನಂದ್ರು?"

ತಾಯಿ ಬಾಯಿ ತೆರೆದಳು, ಮುಚ್ಚಿದಳು, ಕೆಂಪೇರಿದಳು.

ಸಹೃದಯರೇ, ಮನುಷ್ಯರು ಎಂಥ ವಿಚಿತ್ರ ಜೀವಿಗಳು! ನಮ್ಮ ಅತಿಕೋಮಲವಾದ ಮಾತುಗಳನ್ನು ಸುಮುಹೂರ್ತವೊಂದಕ್ಕೆಂದು ರೇಷ್ಮೆಯ ಅಂಗಿಯಂತೆ ಮಡಚಿ ಪೆಟ್ಟಿಗೆಯಲ್ಲಿಟ್ಟಿರುತ್ತೇವೆ. ಕಡೆಗೊಂದು ದಿನ ತೆಗೆದು ತೊಟ್ಟರೆ ತೋಳು ಗಿಡ್ಡ, ಹೊಟ್ಟೆ ದೊಡ್ಡ, ಗುಂಡಿಗಳೆಲ್ಲ ಪಟಪಟನೆ ಹಾರುತ್ತವೆ... ಆದರೂ ತೊಡಿ! ಹಾರಿದ ಆ ಗುಂಡಿಗಳನ್ನು ನಗುನಗುತ್ತ ಹೆಕ್ಕಿ, ತನ್ನ ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟುಕೊಳ್ಳುವ ಒಂದು ಜೀವ ಎದುರಿಗಿದ್ದರೆ, ಆ ಮಾತನ್ನು ಅಷ್ಟು ವರ್ಷ ಕಾದಿಟ್ಟದ್ದೂ ಸಾರ್ಥಕವೇ.